ಜಮೀನು ಬದಲಾದರೆ ಯಾವ ಇಲಿ ಉಳಿಯುತ್ತದೆ?

ಪ್ರಶ್ನೆ: ನಮ್ಮ ಊರಿನ ಪಕ್ಕದಲ್ಲಿದ್ದ ಕಾಡನ್ನು ಕೆಲವು ವರ್ಷಗಳ ಹಿಂದೆ ಕಡಿದು ಮೆಕ್ಕೆಜೋಳದ ಹೊಲ ಮಾಡಿದರು. ಈಗ ಅದರಲ್ಲಿ ಒಂದು ಭಾಗ ಮನೆ ಸೈಟುಗಳಾಗಿವೆ. ಆಗಿನಿಂದ ಇಲಿ ಕಾಟ ಜಾಸ್ತಿ, ಜ್ವರವೂ ಜಾಸ್ತಿ ಎಂದು ಜನ ಹೇಳುತ್ತಾರೆ. ಕಾಡು ಕಡಿಯುವುದಕ್ಕೂ ಇಲಿಯಿಂದ ಬರುವ ರೋಗಕ್ಕೂ ನಿಜವಾಗಿ ಸಂಬಂಧ ಇದೆಯಾ? ಮತ್ತೆ ಮರ ಬೆಳೆಸಿದರೆ ಸರಿಹೋಗುತ್ತದಾ? ಇಲ್ಲ, ವಿಷ ಹಾಕಿ ಇಲಿಗಳನ್ನು ಮುಗಿಸುವುದೇ ಸುಲಭವಾ?

ಉತ್ತರ: ಸಂಬಂಧ ಇದೆ. ಆದರೆ ಅದು ಜನ ಅಂದುಕೊಂಡಷ್ಟು ನೇರವಾಗಿಲ್ಲ. ಕಾಡು ಹೋಯಿತು, ಅಲ್ಲಿದ್ದ ಇಲಿಗಳೆಲ್ಲ ಊರಿಗೆ ಓಡಿ ಬಂದವು, ಬರುವಾಗ ರೋಗವನ್ನೂ ತಂದವು ಎಂದು ಸುಲಭವಾಗಿ ಕತೆ ಕಟ್ಟಬಹುದು. ನಿಜದಲ್ಲಿ ಕಾಡಿನ ಇಲಿಗಳಲ್ಲಿ ಎಷ್ಟೋ ಜಾತಿಗಳು ಎಲ್ಲಿಗೂ ಓಡಿ ಬರುವುದಿಲ್ಲ. ಮರದ ಪೊಟರೆ, ಒದ್ದೆ ತರಗೆಲೆ, ಕೆಲವೇ ಬಗೆಯ ಬೀಜ ಇವನ್ನು ನಂಬಿಕೊಂಡ ಜಾತಿಗಳು ಅವು. ಕಾಡು ಹೋದರೆ ಅವೂ ಹೋಗುತ್ತವೆ. ಆ ಜಾಗವನ್ನು ಬೇರೆ ಇಲಿ ಹಿಡಿಯುತ್ತದೆ. ಸಿಕ್ಕಿದ್ದನ್ನು ತಿನ್ನುವ, ಎಲ್ಲೆಂದರಲ್ಲಿ ಗೂಡು ಮಾಡುವ, ಬೇಗ ಬೇಗ ಮರಿ ಹಾಕುವ ಇಲಿ. ಹಾಗಾಗಿ ಇಂಥ ಪ್ರಶ್ನೆ ಬಂದಾಗಲೆಲ್ಲ ನಾನು ಮೊದಲು ಕೇಳುವುದು ಇಲಿ ಎಷ್ಟಾಯಿತು ಎಂದಲ್ಲ. ಉಳಿದದ್ದು ಯಾವ ಇಲಿ, ಅದರ ಮೈಯಲ್ಲಿ ಯಾವ ರೋಗಾಣು ಇದೆ, ಮನುಷ್ಯ ಅದರ ಹತ್ತಿರ ಹೋಗುವುದು ಎಲ್ಲಿ ಎಂದು.

ಇಲಿ, ಹೆಗ್ಗಣ, ಅಳಿಲು, ಮುಳ್ಳುಹಂದಿ ಎಲ್ಲ ದಂಶಕ ಎಂಬ ಒಂದೇ ಗುಂಪಿಗೆ ಸೇರುತ್ತವೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ 2,277 ಜಾತಿಯ ದಂಶಕಗಳ ಮಾಹಿತಿಯನ್ನು ಒಟ್ಟು ಮಾಡಿತು. ಮನುಷ್ಯರಿಗೆ ಅಂಟುವ ರೋಗಾಣು ಇವುಗಳಲ್ಲಿದೆ ಎಂದು ಆಗ ಗೊತ್ತಿದ್ದದ್ದು 217 ಜಾತಿಗಳ ಬಗ್ಗೆ. ಅಂದರೆ ಹೆಚ್ಚುಕಡಿಮೆ ಹತ್ತರಲ್ಲಿ ಒಂದು. ಉಳಿದ ಒಂಬತ್ತರಿಂದ ನಮಗೆ ತೊಂದರೆ ಇದೆ ಎಂದು ಗೊತ್ತಾಗಿಲ್ಲ. ಈಗ ಆ ಒಂದರ ಸ್ವಭಾವ ನೋಡಿ. ಬೇಗ ಪ್ರಾಯಕ್ಕೆ ಬರುತ್ತದೆ, ಹೆಚ್ಚು ಮರಿ ಹಾಕುತ್ತದೆ, ಬೇಗ ಸಾಯುತ್ತದೆ. ಕಡಿದ, ಉತ್ತ, ಕಟ್ಟಿದ ನೆಲದಲ್ಲಿ ಬದುಕಲು ಬೇಕಾದದ್ದೂ ಇವೇ ಗುಣಗಳು! ನಾವು ನೆಲವನ್ನು ಬದಲಿಸಿದಾಗ ಗೊತ್ತಿಲ್ಲದೆ ಒಂದು ಆಯ್ಕೆ ಮಾಡಿರುತ್ತೇವೆ. ತೊಂದರೆ ಕೊಡದ ಜಾತಿಗಳನ್ನು ಕಳಿಸಿ, ರೋಗ ಹೊರುವ ಜಾತಿಗಳನ್ನು ಉಳಿಸಿಕೊಂಡಿರುತ್ತೇವೆ.

2020ರಲ್ಲಿ ಬಂದ ಇನ್ನೂ ದೊಡ್ಡ ಅಧ್ಯಯನ ಇದನ್ನು ಜಗತ್ತಿನ ಮಟ್ಟದಲ್ಲಿ ಪರೀಕ್ಷಿಸಿತು. ಬೇರೆ ಬೇರೆ ದೇಶಗಳ 6,801 ಜೀವಿ ಸಮುದಾಯಗಳ ದಾಖಲೆಗಳು, ರೋಗಾಣು ಹೊರುವ 376 ಜಾತಿಗಳು. ಹೊಲ, ತೋಟ, ಊರು ಇರುವ ಕಡೆ ಇಂಥ ಜಾತಿಗಳ ಪಾಲು ಪಕ್ಕದ ನೈಸರ್ಗಿಕ ನೆಲಕ್ಕಿಂತ ಜಾಸ್ತಿ ಇತ್ತು. ಈ ಏರಿಕೆ ಎದ್ದು ಕಂಡದ್ದು ದಂಶಕಗಳು, ಬಾವಲಿಗಳು ಮತ್ತು ಗುಬ್ಬಚ್ಚಿಯಂಥ ಸಣ್ಣ ಹಕ್ಕಿಗಳಲ್ಲಿ. ಮನುಷ್ಯರ ಹತ್ತಿರ ಇರುವ ಪ್ರಾಣಿಗಳನ್ನು ನಾವು ಹೆಚ್ಚು ಪರೀಕ್ಷಿಸುತ್ತೇವೆ, ಅದಕ್ಕೇ ಅವುಗಳಲ್ಲಿ ರೋಗಾಣು ಹೆಚ್ಚು ಸಿಕ್ಕಿರಬಹುದಲ್ವಾ ಎಂದು ನೀವು ಕೇಳಬಹುದು. ನ್ಯಾಯವಾದ ಅನುಮಾನವೇ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಫಲಿತಾಂಶ ನಿಂತಿತು.

ಅಂಕಿಗಳು ಸಾಕು. ಇದು ನೆಲದ ಮೇಲೆ ಹೇಗೆ ನಡೆಯುತ್ತದೆ ಎನ್ನುವುದಕ್ಕೆ ಅರ್ಜೆಂಟೀನಾದ ಪಂಪಾಸ್ ಬಯಲಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಪಂಪಾಸ್ ಮೂಲದಲ್ಲಿ ಹುಲ್ಲುಗಾವಲು. ಅಲ್ಲಿ ಕಡಿಯಲು ಕಾಡೇ ಇರಲಿಲ್ಲ. ನೆಲದ ಬಳಕೆ ಬದಲಾಯಿತು ಎಂದ ಕೂಡಲೇ ಎಲ್ಲರೂ ಕೊಡಲಿ, ಗರಗಸ ಎಂದುಕೊಳ್ಳುತ್ತಾರೆ. ಉಳುಮೆಯೂ ಅಷ್ಟೇ ದೊಡ್ಡ ಬದಲಾವಣೆ. ಹುಲ್ಲು ಹೋಗಿ ಮೈಲುಗಟ್ಟಲೆ ಮೆಕ್ಕೆಜೋಳ, ಗೋಧಿ ಬಂತು. 1950ರ ದಶಕದಲ್ಲಿ ಹುನಿನ್ ಪಟ್ಟಣದ ಸುತ್ತಮುತ್ತ ಕೊಯ್ಲಿನ ಕೆಲಸಗಾರರಲ್ಲಿ ಒಂದು ವಿಚಿತ್ರ ಜ್ವರ ಕಾಣಿಸಿತು. ಮೈಕೈ ನೋವು, ಒಸಡಿನಲ್ಲಿ ರಕ್ತ, ಕೆಲವರಲ್ಲಿ ನಡುಕ, ಗೊಂದಲ. ಚಿಕಿತ್ಸೆ ಸಿಗದಿದ್ದರೆ ನೂರಕ್ಕೆ 15ರಿಂದ 30 ಜನ ಸಾಯುತ್ತಿದ್ದರು. 1958ರಲ್ಲಿ ವೈರಸ್ ಸಿಕ್ಕಿತು, ಪಟ್ಟಣದ ಹೆಸರನ್ನೇ ಅದಕ್ಕೆ ಇಟ್ಟರು. ಅದನ್ನು ಹೊರುವುದು ಕ್ಯಾಲೊಮಿಸ್ ಮಸ್ಕ್ಯುಲೈನಸ್ ಎಂಬ ಚಿಕ್ಕ ಇಲಿ. ಅಂಗೈಯಲ್ಲಿ ಹಿಡಿಸುವಷ್ಟು ಪ್ರಾಣಿ.

ಈ ಇಲಿ ಹೊಲದ ನಡುವೆಗಿಂತ ಹೊಲದ ಅಂಚಿನಲ್ಲಿ ಜಾಸ್ತಿ. ಬೇಲಿ ಸಾಲು, ರಸ್ತೆ ಬದಿ, ರೈಲು ಹಳಿಯ ಪಕ್ಕದ ಹುಲ್ಲಿನ ಪಟ್ಟಿ. ಉಳುಮೆ ಮುಟ್ಟದ ಆ ಪಟ್ಟಿಯಲ್ಲಿ ಅಡಗಲು ಹುಲ್ಲು ಸಿಗುತ್ತದೆ, ನಾಲ್ಕು ಹೆಜ್ಜೆ ಆಚೆ ತಿನ್ನಲು ಕಾಳು ಸಿಗುತ್ತದೆ. ಅದರ ಸಂಖ್ಯೆ ಏರುವುದು ಶರತ್ಕಾಲದಲ್ಲಿ. ಮೆಕ್ಕೆಜೋಳದ ಕೊಯ್ಲೂ ಆಗಲೇ. ಮೂತ್ರ, ಹಿಕ್ಕೆ, ಜೊಲ್ಲು ಬಿದ್ದ ಧೂಳು ಏಳುತ್ತದೆ, ಕೆಲಸಗಾರ ಅದನ್ನು ಉಸಿರಾಡುತ್ತಾನೆ. ಕೈಯ ಗಾಯದಿಂದಲೂ ವೈರಸ್ ಒಳಗೆ ಹೋಗಬಹುದು. ಹಾಗಾಗಿ ರೋಗಿಗಳಲ್ಲಿ ದುಡಿಯುವ ವಯಸ್ಸಿನ ಗಂಡಸರೇ ಹೆಚ್ಚು. ಮೊದಲಿಗೆ ಸುಮಾರು 16,000 ಚದರ ಕಿಲೋಮೀಟರ್‌ನಲ್ಲಿ ಇದ್ದ ರೋಗದ ಪ್ರದೇಶ ಮುಂದಿನ ದಶಕಗಳಲ್ಲಿ ಸುಮಾರು 1,50,000 ಚದರ ಕಿಲೋಮೀಟರ್‌ಗೆ ಹರಡಿತು.

ಅದನ್ನು ಅವರು ತಡೆದದ್ದು ಇಲಿ ಕೊಂದು ಅಲ್ಲ. ಗುಣವಾದವರ ರಕ್ತದಿಂದ ತೆಗೆದ ಪ್ಲಾಸ್ಮಾವನ್ನು ಕಾಯಿಲೆ ಶುರುವಾದ ಎಂಟು ದಿನದೊಳಗೆ ಕೊಟ್ಟರೆ ಸಾವು ನೂರಕ್ಕೆ ಒಂದರ ಹತ್ತಿರಕ್ಕೆ ಇಳಿಯುತ್ತದೆ ಎಂದು 1970ರ ದಶಕದಲ್ಲಿ ತೋರಿಸಿದರು. ಆಮೇಲೆ ಲಸಿಕೆ ಮಾಡಿದರು. ಸುಮಾರು 6,500 ಕೃಷಿ ಕೆಲಸಗಾರರ ಮೇಲೆ ಪರೀಕ್ಷೆ ನಡೆಯಿತು, 1991ರಿಂದ ಅಪಾಯದಲ್ಲಿರುವ ವಯಸ್ಕರಿಗೆ ಕೊಡತೊಡಗಿದರು. ರೋಗಿಗಳ ಸಂಖ್ಯೆ ತೀರಾ ಇಳಿಯಿತು. ಇಲಿ ಇನ್ನೂ ಅದೇ ಬೇಲಿ ಸಾಲಿನಲ್ಲಿದೆ. ಬೇರೆ ಹೆಚ್ಚಿನ ಇಲಿ ರೋಗಗಳಿಗೆ ಇಂಥ ಒಳ್ಳೆಯ ಲಸಿಕೆ ಇಲ್ಲ. ಅದಕ್ಕೇ ಅಲ್ಲೆಲ್ಲ ನೆಲದ ಕಡೆಯಿಂದಲೇ ಯೋಚಿಸಬೇಕಾಗಿ ಬರುತ್ತದೆ.

ಇನ್ನು, ಬೇರೆ ಜಾತಿಗಳು ಮರೆಯಾದರೆ ರೋಗ ಹೊರುವ ಇಲಿಗೆ ಏನು ಲಾಭ? ಆಹಾರಕ್ಕೆ, ಜಾಗಕ್ಕೆ ಪೈಪೋಟಿ ಇಲ್ಲ. ಅದು ಸುಲಭವಾಗಿ ಊಹಿಸಬಹುದಾದ ವಿಷಯ. ಇನ್ನೊಂದು ಸ್ವಲ್ಪ ಸೂಕ್ಷ್ಮ. ಹಂಟಾ ವೈರಸ್ಸನ್ನು ತೆಗೆದುಕೊಳ್ಳಿ, ಇಲಿಗಳಿಂದ ಮನುಷ್ಯರಿಗೆ ಬಂದು ಶ್ವಾಸಕೋಶಕ್ಕೋ ಮೂತ್ರಪಿಂಡಕ್ಕೋ ತೊಂದರೆ ಕೊಡುವ ವೈರಸ್‌ಗಳ ಗುಂಪು ಅದು. ಅದು ಇಲಿಯಿಂದ ಇಲಿಗೆ ಹರಡುವುದು ಹೆಚ್ಚಾಗಿ ಕಚ್ಚಾಟದಲ್ಲಿ, ಒಡನಾಟದಲ್ಲಿ. ಒಂದೊಂದು ಬಗೆಯ ಹಂಟಾ ವೈರಸ್ ಸಾಮಾನ್ಯವಾಗಿ ಒಂದೇ ಜಾತಿಯ ಇಲಿಗೆ ಒಗ್ಗಿರುತ್ತದೆ. ಸುತ್ತ ಹತ್ತು ಜಾತಿ ಇದ್ದರೆ ಸೋಂಕಿರುವ ಇಲಿ ಎದುರಾಗುವುದು ಬಹಳ ಸಲ ಬೇರೆ ಜಾತಿಯನ್ನು. ಅಲ್ಲಿಗೆ ವೈರಸ್ಸಿನ ದಾರಿ ಮುಗಿಯಿತು. ಸುತ್ತ ತನ್ನದೇ ಜಾತಿ ತುಂಬಿದ್ದರೆ ಪ್ರತಿ ಜಗಳವೂ ವೈರಸ್ಸಿಗೆ ಹೊಸ ಮನೆ.

ಇದನ್ನು ಪನಾಮಾದಲ್ಲಿ ನೇರವಾಗಿ ಪರೀಕ್ಷಿಸಿದ್ದಾರೆ. ಅಲ್ಲಿನ ಲಾಸ್ ಸಾಂಟೋಸ್ ಪ್ರಾಂತ್ಯದಲ್ಲಿ 1999ರ ಕೊನೆ ಮತ್ತು 2000ದಲ್ಲಿ ಹಂಟಾ ವೈರಸ್ ಹಾವಳಿ ಎದ್ದಿತು. ಕಾಡು ಕಡಿದು ದನದ ಹುಲ್ಲುಗಾವಲು ಮಾಡಿದ ಪ್ರದೇಶ ಅದು. ಮುಂದೆ ವಿಜ್ಞಾನಿಗಳು ಕೆಲವು ಜಾಗಗಳಲ್ಲಿ ವೈರಸ್ ಹೊರದ ಸಣ್ಣ ಪ್ರಾಣಿಗಳನ್ನು ಮಾತ್ರ ಹಿಡಿದು ಹೊರಗೆ ಹಾಕಿದರು. ವೈರಸ್ ಹೊರುವ ಇಲಿಗಳನ್ನು ಮುಟ್ಟಲಿಲ್ಲ. ಅಂಥ ಜಾಗಗಳಲ್ಲಿ ಆ ಇಲಿಗಳ ಸಂಖ್ಯೆಯೂ ಏರಿತು, ಅವುಗಳಲ್ಲಿ ಸೋಂಕಿನ ಪ್ರಮಾಣವೂ ಏರಿತು. 2009ರಲ್ಲಿ ಪ್ರಕಟವಾದ ಈ ಪ್ರಯೋಗ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಈ ವಿಷಯದಲ್ಲಿ ಬರುವ ಹೆಚ್ಚಿನ ಅಧ್ಯಯನಗಳು ಇರುವುದನ್ನು ನೋಡಿ ಹೋಲಿಸುತ್ತವೆ, ಅಷ್ಟೇ. ಇಲ್ಲಿ ಕಾರಣವನ್ನೇ ಕೈಯಾರೆ ಬದಲಿಸಿ ಪರಿಣಾಮ ಏನೆಂದು ನೋಡಿದ್ದಾರೆ.

ಕೀನ್ಯಾದ ಲೈಕಿಪಿಯಾದಲ್ಲಿ ಇನ್ನೊಂದು ಬಗೆಯ ಪ್ರಯೋಗ 1995ರಿಂದ ನಡೆದಿದೆ. ಅಲ್ಲಿ ಬೇಲಿ ಹಾಕಿ ಆನೆ, ಜಿರಾಫೆ, ಜೀಬ್ರಾಗಳನ್ನು ಕೆಲವು ತುಂಡು ನೆಲದಿಂದ ಹೊರಗಿಟ್ಟರು. ಹುಲ್ಲು, ಬೀಜ ತಿನ್ನುವ ದೊಡ್ಡ ಬಾಯಿಗಳು ಇಲ್ಲವಾದ ಮೇಲೆ ಇಲಿಗಳು ಸುಮಾರು ಎರಡು ಪಟ್ಟಾದವು. ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇದ್ದ ಚಿಗಟಗಳೂ ಅಷ್ಟೇ ಹೆಚ್ಚಿದವು. ಇಲ್ಲಿ ನೂರು ಇಲಿಗಳಲ್ಲಿ ಎಷ್ಟಕ್ಕೆ ಸೋಂಕಿದೆ ಎಂಬ ಪ್ರಮಾಣ ಬದಲಾಗಿರಲಿಲ್ಲ. ಸುಮ್ನೆ ಇಲಿಗಳೇ ಜಾಸ್ತಿಯಾಗಿದ್ದವು. ಪನಾಮಾದಲ್ಲಿ ಎರಡೂ ಏರಿದ್ದವು, ಇಲ್ಲಿ ಒಂದೇ. ಒಂದೇ ನಿಯಮ ಎಲ್ಲ ಕಡೆ ನಡೆಯುತ್ತದೆ ಎಂದು ನಂಬಬಾರದು.

ಉತ್ತರ ತಾಂಜಾನಿಯಾದ ಉದಾಹರಣೆ ನಿಮ್ಮ ಪರಿಸ್ಥಿತಿಗೆ ಹತ್ತಿರ. ನೈಸರ್ಗಿಕ ನೆಲದಲ್ಲಿ ಮೆಕ್ಕೆಜೋಳ ಬಂದ ಕಡೆ, ಪ್ಲೇಗ್ ಬ್ಯಾಕ್ಟೀರಿಯಾಕ್ಕೆ ಪಾಸಿಟಿವ್ ಬಂದ ಇಲಿಗಳು ಸುಮಾರು ಎರಡು ಪಟ್ಟಾಗಿದ್ದವು. ಅಲ್ಲಿ ಹೆಚ್ಚಿದ ಇಲಿ ಮ್ಯಾಸ್ಟೊಮಿಸ್ ನಟಾಲೆನ್ಸಿಸ್. ಹೆಣ್ಣಿಗೆ 24ರವರೆಗೂ ಮೊಲೆತೊಟ್ಟುಗಳು ಇರುತ್ತವೆ ಎಂದರೆ ಅದು ಎಷ್ಟು ಮರಿ ಸಾಕಬಲ್ಲದು ಎಂದು ನೀವೇ ಊಹಿಸಿ. ಇದೇ ಇಲಿ ಪಶ್ಚಿಮ ಆಫ್ರಿಕಾದಲ್ಲಿ ಲಾಸ್ಸಾ ಜ್ವರ ಹರಡುತ್ತದೆ. 1969ರಲ್ಲಿ ನೈಜೀರಿಯಾದ ಲಾಸ್ಸಾ ಊರಿನಲ್ಲಿ ಗುರುತಿಸಿದ ರೋಗ ಅದು. ಆದರೆ ತಾಂಜಾನಿಯಾದ ಇಲಿಗಳಲ್ಲಿ ಲಾಸ್ಸಾ ವೈರಸ್ ಇಲ್ಲ. ಅವುಗಳಲ್ಲಿರುವುದು ಅದೇ ಕುಟುಂಬದ ಮೊರೊಗೊರೊ ಎಂಬ ವೈರಸ್. ಅದರಿಂದ ಮನುಷ್ಯರಿಗೆ ಕಾಯಿಲೆ ಬಂದದ್ದು ಕಂಡಿಲ್ಲ. ಜಾತಿಯ ಹೆಸರು ಒಂದೇ ಆದರೂ ಪ್ರದೇಶ ಬೇರೆಯಾದರೆ ಅದರ ಮೈಯಲ್ಲಿರುವ ರೋಗಾಣುವೂ ಬೇರೆ. ನಮ್ಮ ಹೊಲದ ಇಲಿಯ ಫೋಟೋ ಕಳಿಸಿದರೆ ರೋಗ ಹೇಳಿಬಿಡುತ್ತೀರಾ ಎಂದು ಕೆಲವರು ಕೇಳುತ್ತಾರೆ. ಆಗುವುದಿಲ್ಲ. ರಕ್ತ, ಅಂಗಾಂಶ ಪರೀಕ್ಷೆಯಾಗಬೇಕು.

ಇಲ್ಲಿಯವರೆಗೆ ಇಲಿಯ ಕಡೆಯ ಮಾತಾಯಿತು. ಮನುಷ್ಯನ ಕಡೆಗೆ ಬರೋಣ. ಇಲಿಯಲ್ಲಿ ಸೋಂಕು ಹೆಚ್ಚಿದ ಕೂಡಲೇ ಜನರಲ್ಲಿ ರೋಗ ಹೆಚ್ಚಲೇಬೇಕು ಎಂದೇನೂ ಇಲ್ಲ. ಅಮೆರಿಕದ ಲೈಮ್ ರೋಗ ಇದಕ್ಕೆ ಒಳ್ಳೆಯ ಪಾಠ. ಅದು ಉಣ್ಣೆ ಕಚ್ಚಿ ಬರುವ ರೋಗ. ಉಣ್ಣೆ ಮರಿಗಳಿಗೆ ಸೋಂಕು ಅಂಟಿಸುವುದರಲ್ಲಿ ಬಿಳಿಗಾಲಿನ ಇಲಿಗೆ ದೊಡ್ಡ ಪಾಲು. ನ್ಯೂಯಾರ್ಕ್ ರಾಜ್ಯದಲ್ಲಿ ಮಾಡಿದ ಅಧ್ಯಯನದಲ್ಲಿ 2 ಹೆಕ್ಟೇರಿಗಿಂತ ಚಿಕ್ಕ ಕಾಡಿನ ತುಂಡುಗಳಲ್ಲಿ ಸೋಂಕಿರುವ ಉಣ್ಣೆಗಳು ಬಹಳ ಜಾಸ್ತಿ ಕಂಡವು. ಚಿಕ್ಕ ತುಂಡಿನಲ್ಲಿ ನರಿಯಂಥ ಬೇಟೆಗಾರ ಪ್ರಾಣಿಗಳೂ ಇಲಿಯ ಜೊತೆ ಪೈಪೋಟಿ ಮಾಡುವ ಬೇರೆ ಪ್ರಾಣಿಗಳೂ ಕಡಿಮೆ, ಇಲಿಗೆ ಹಬ್ಬ. ಇದನ್ನು ಓದಿದವರು ತುಂಡು ಕಾಡು ಇರುವ ಕಡೆ ರೋಗಿಗಳೂ ಹೆಚ್ಚಿರುತ್ತಾರೆ ಎಂದುಕೊಂಡರು. ಕನೆಕ್ಟಿಕಟ್ ರಾಜ್ಯದಲ್ಲಿ ಲೆಕ್ಕ ಹಾಕಿದಾಗ ಉಲ್ಟಾ ಬಂತು. ಕಾಡು ಹೆಚ್ಚು ತುಂಡಾದ ಕಡೆ ಉಣ್ಣೆ ಹೆಚ್ಚಿದ್ದರೂ ರೋಗಿಗಳು ಕಡಿಮೆ. ಅಪಾಯ ಇರುವ ಜಾಗ ಒಂದು, ಜನ ಓಡಾಡುವ ಜಾಗ ಇನ್ನೊಂದು. ಇವೆರಡು ಸೇರಿದಲ್ಲಿ ಮಾತ್ರ ರೋಗ.

ಆ ಸೇರುವ ಜಾಗ ಎಷ್ಟು ಚಿಕ್ಕದಿರಬಹುದು ಎಂದರೆ ಒಂದು ಗೋಡೆಯ ಒಳಗೆ! 2012ರಲ್ಲಿ ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ 10 ಪ್ರವಾಸಿಗರಿಗೆ ಹಂಟಾ ವೈರಸ್ ತಗುಲಿ 3 ಜನ ಸತ್ತರು. ಅವರಲ್ಲಿ ಹೆಚ್ಚಿನವರು ತಂಗಿದ್ದದ್ದು ಹೊಸ ಮಾದರಿಯ ಡೇರೆ ಮನೆಗಳಲ್ಲಿ. ಚಳಿ ತಡೆಯಲು ಅವಕ್ಕೆ ಎರಡು ಪದರದ ಗೋಡೆ ಮಾಡಿದ್ದರು. ನಡುವಿನ ಖಾಲಿ ಜಾಗದಲ್ಲಿ ಇಲಿಗಳು ಗೂಡು ಕಟ್ಟಿದ್ದವು. ಉದ್ಯಾನದ ಕಾಡಿಗೆ ಏನೂ ಆಗಿರಲಿಲ್ಲ. ಗೋಡೆಯ ವಿನ್ಯಾಸ ಬದಲಾಗಿತ್ತು, ಅಷ್ಟೇ. ಹೊಸ ಸೈಟುಗಳಲ್ಲಿ ಮನೆ ಕಟ್ಟುವಾಗ ಈ ಘಟನೆ ನೆನಪಿರಲಿ.

ನಗರದ ವಿಷಯ ಬೇರೆಯೇ. ಹೊಲ ಸೈಟಾಗಿ, ಸೈಟು ಗಿಜಿಗುಡುವ ಬಡಾವಣೆಯಾದ ಮೇಲೆ ಹೊಲದ ಇಲಿಗೆ ಅಲ್ಲಿ ಕೆಲಸವಿಲ್ಲ. ಚರಂಡಿಯ ಕಂದು ಇಲಿ, ಹೆಗ್ಗಣಗಳು ಬರುತ್ತವೆ. ಅವುಗಳ ಜೊತೆ ಬರುವ ಮುಖ್ಯ ಕಾಯಿಲೆ ಲೆಪ್ಟೊಸ್ಪೈರೋಸಿಸ್, ನಾವು ಇಲಿ ಜ್ವರ ಎನ್ನುವುದು. ಅದರ ಬ್ಯಾಕ್ಟೀರಿಯಾ ಇಲಿಯ ಮೂತ್ರಪಿಂಡದಲ್ಲಿ ಇರುತ್ತದೆ, ಇಲಿಗೆ ಅದರಿಂದ ಕಾಯಿಲೆ ಏನೂ ಕಾಣಿಸುವುದಿಲ್ಲ. ಮೂತ್ರದ ಜೊತೆ ನೀರಿಗೆ, ಒದ್ದೆ ಮಣ್ಣಿಗೆ ಸೇರುತ್ತದೆ. ನಮ್ಮ ಕಾಲಿನ ಗಾಯ, ಕಣ್ಣು, ಬಾಯಿಯ ಮೂಲಕ ಒಳಗೆ ಬರುತ್ತದೆ. ಬ್ರೆಜಿಲ್‌ನ ಸಾಲ್ವಡೋರ್ ನಗರದಲ್ಲಿ 1996ರಲ್ಲಿ ಇದರ ದೊಡ್ಡ ಹಾವಳಿ ಆಯಿತು. ಮುಂದೆ ಅಲ್ಲಿನ ಬಡ ಬಸ್ತಿಗಳಲ್ಲಿ ಮಾಡಿದ ಅಧ್ಯಯನಗಳಲ್ಲಿ ತೆರೆದ ಚರಂಡಿಯ, ಕಸದ ರಾಶಿಯ ಹತ್ತಿರ ಮನೆ ಇದ್ದವರಿಗೇ ಸೋಂಕು ಜಾಸ್ತಿ ಕಂಡಿತು. ಇಲ್ಲಿ ಕಾಡಿನ ಪಾತ್ರವೇ ಇಲ್ಲ. ಜಾಗ ಬದಲಾದ ವೇಗಕ್ಕೆ ಚರಂಡಿ ಬರಲಿಲ್ಲ, ಅದೇ ತೊಂದರೆ.

ನಿಮ್ಮ ಊರಿನಲ್ಲಿ ಕಾಡು ಹೋದ ಜಾಗದಲ್ಲಿ ಹೊಲ, ಸೈಟು ಎರಡೂ ಒಟ್ಟಿಗಿವೆ. ಅಂದರೆ ಹೊಲದ ಇಲಿಗೂ ಚರಂಡಿಯ ಇಲಿಗೂ ಜಾಗ ಇದೆ, ಅವುಗಳ ನಡುವೆ ಅಂಚುಗಳೂ ಬಹಳ. ಜನ ಹೇಳುವ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಆ ಜ್ವರಗಳೆಲ್ಲ ಇಲಿಯಿಂದಲೇ ಬಂದವು ಎಂದು ಪರೀಕ್ಷೆ ಇಲ್ಲದೆ ನಾನಂತೂ ಹೇಳಲಾರೆ. ಮನೆ ಕಟ್ಟುವ ಜಾಗದಲ್ಲಿ ನಿಂತ ನೀರು ಸೊಳ್ಳೆಯನ್ನೂ ಸಾಕುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಮರ ಬೆಳೆಸಿದರೆ ಸರಿಹೋಗುತ್ತದಾ?

ಕೆಲವು ಕಡೆ ಹೌದು. ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿನ ಪ್ರದೇಶದಲ್ಲಿ ಕಬ್ಬಿನ ಗದ್ದೆಗಳು ಹಂಟಾ ವೈರಸ್ ಇಲಿಗಳಿಗೆ ಒಳ್ಳೆಯ ನೆಲೆ. ಅಲ್ಲಿ ಕಾಡನ್ನು ಮರಳಿ ಬೆಳೆಸಿದರೆ ಆ ಇಲಿಗಳು ಕಡಿಮೆಯಾಗುತ್ತವೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿದೆ. ಆದರೆ ಕಾಡೆಲ್ಲ ಒಳ್ಳೆಯದು, ಹೊಲವೆಲ್ಲ ಕೆಟ್ಟದ್ದು ಎಂಬ ಘೋಷಣೆ ನನಗೆ ಇಷ್ಟವಿಲ್ಲ. ಯುರೋಪಿನಲ್ಲಿ ಪುಮಾಲಾ ಎಂಬ ಹಂಟಾ ವೈರಸ್ ಇದೆ. ಅದನ್ನು ಹೊರುವ ಇಲಿ ಕಾಡಿನದ್ದೇ. ಬೀಚ್, ಓಕ್ ಮರಗಳು ಕೆಲವು ವರ್ಷ ವಿಪರೀತ ಬೀಜ ಬಿಡುತ್ತವೆ. ಚಳಿಗಾಲದಲ್ಲೂ ಹೊಟ್ಟೆ ತುಂಬಿದ ಇಲಿಗಳು ಮುಂದಿನ ವರ್ಷಕ್ಕೆ ವಿಪರೀತ ಹೆಚ್ಚುತ್ತವೆ. ಆ ವರ್ಷ ಜರ್ಮನಿ, ಬೆಲ್ಜಿಯಂಗಳಲ್ಲಿ ಮೂತ್ರಪಿಂಡದ ತೊಂದರೆ ತರುವ ಈ ಜ್ವರವೂ ಏರುತ್ತದೆ. ಅಲ್ಲಿ ಕಾಡು ಕಡಿದರೆ ಈ ಒಂದು ರೋಗ ಕಡಿಮೆಯೇ ಆಗಬಹುದು! ಹಾಗೆಂದು ಯಾರೂ ಕಡಿಯುವುದಿಲ್ಲ, ಕಡಿಯಬೇಕಾಗಿಯೂ ಇಲ್ಲ.

ಇನ್ನೊಂದು ಎಚ್ಚರಿಕೆ. ಕಾಡು ಬೆಳೆಯುವ ಹಾದಿಯಲ್ಲಿ ಒಂದು ಕೆಟ್ಟ ಹಂತ ಇದೆ. ಕಡಿದು ಬಿಟ್ಟ ನೆಲದಲ್ಲಿ ಮೊದಲು ಏಳುವುದು ಮರವಲ್ಲ. ಹುಲ್ಲು, ಪೊದೆ, ಕುರುಚಲು. ಏಷ್ಯಾದಲ್ಲಿ ಸ್ಕ್ರಬ್ ಟೈಫಸ್ ಜ್ವರ ತರುವ ನುಸಿಗಳಿಗೆ (ಉಣ್ಣೆಯ ಬಂಧುಗಳಾದ, ಕಣ್ಣಿಗೆ ಕಾಣುವುದೇ ಕಷ್ಟವಾದ ಹುಳಗಳಿಗೆ) ಇಂಥ ನೆಲ ಬಹಳ ಒಗ್ಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಏಷ್ಯಾ, ಪೆಸಿಫಿಕ್‌ನ ಕಾಡುಗಳಲ್ಲಿ ಸಾವಿರಾರು ಸೈನಿಕರು ಇದರಿಂದ ನರಳಿದರು. ಈ ರೋಗದಲ್ಲಿ ಬ್ಯಾಕ್ಟೀರಿಯಾದ ಖಜಾನೆ ನುಸಿಯೇ. ತಾಯಿ ನುಸಿಯಿಂದ ಮೊಟ್ಟೆಗೆ ಅದು ದಾಟುತ್ತದೆ. ಇಲಿ ಆ ನುಸಿಮರಿಗೆ ಊಟ, ಜೊತೆಗೆ ಊರೂರಿಗೆ ಸಾಗಿಸುವ ಗಾಡಿ. ಹಾಗಾಗಿ ಹೊಸದಾಗಿ ಗಿಡ ನೆಟ್ಟ ಜಾಗದಲ್ಲಿ, ಪಾಳು ಬಿಟ್ಟ ಹೊಲದಲ್ಲಿ ಮೊದಲ ಕೆಲವು ವರ್ಷ ಅಪಾಯ ಏರಲೂಬಹುದು. ನೆಡಬೇಡಿ ಎನ್ನುತ್ತಿಲ್ಲ. ಮನೆಗಳಿಗೆ ಅಂಟಿಕೊಂಡಂತೆ ನೆಡಬೇಡಿ, ನಡುವೆ ಹುಲ್ಲು ಸವರಿದ ಬಯಲು ಪಟ್ಟಿ ಬಿಡಿ. ಚಿಲ್ಲರೆ ಚಿಲ್ಲರೆಯಾಗಿ ಹತ್ತು ತುಂಡು ತೋಪಿಗಿಂತ ಗೂಬೆ, ನರಿ, ಹಾವು ಬದುಕಬಲ್ಲ ಒಂದು ದೊಡ್ಡ ತೋಪು ಮೇಲು.

ವಿಷದ ವಿಚಾರ. ಇಲಿ ಹಿಡಿದು ರೋಗ ನಿಲ್ಲಿಸಿದ ಪ್ರಸಿದ್ಧ ಉದಾಹರಣೆ ಇದೆ. ಬೊಲಿವಿಯಾದ ಸ್ಯಾನ್ ಹೊಅಕಿನ್ ಎಂಬ ಪುಟ್ಟ ಪಟ್ಟಣ. 1952ರ ಕ್ರಾಂತಿಯ ನಂತರ ಆ ಭಾಗದ ದೊಡ್ಡ ದನದ ಎಸ್ಟೇಟ್‌ಗಳ ವ್ಯವಸ್ಥೆ ಮುರಿಯಿತು. ಜನ ತಮ್ಮ ಊಟಕ್ಕೆ ತಾವೇ ಬೆಳೆಯತೊಡಗಿದರು. 1960ರ ದಶಕದ ಶುರುವಿನಲ್ಲಿ ಅಲ್ಲಿ ರಕ್ತಸ್ರಾವದ ಜ್ವರ ಎದ್ದು ನೂರಾರು ಜನ ಮಲಗಿದರು. 1963ರಲ್ಲಿ ಮಚುಪೊ ವೈರಸ್ ಸಿಕ್ಕಿತು. ಅದನ್ನು ಹೊರುವ ಇಲಿ ಮನೆಗಳ ಒಳಗೇ ಬಂದು ಸೇರಿತ್ತು. 1964ರಲ್ಲಿ ಮನೆಮನೆಗೆ ಬೋನು ಇಟ್ಟು ಹಿಡಿದರು. ಕೆಲವೇ ವಾರಗಳಲ್ಲಿ ಹೊಸ ರೋಗಿಗಳು ನಿಂತರು.

ಆದರೆ ಅದು ಒಂಟಿ ಪಟ್ಟಣ, ಇಲಿ ಇದ್ದದ್ದು ಮನೆಯೊಳಗೆ. ಪಶ್ಚಿಮ ಆಫ್ರಿಕಾದ ಗಿನಿ ದೇಶದಲ್ಲಿ ಲಾಸ್ಸಾ ತಡೆಯಲು ಹಳ್ಳಿಗಳಲ್ಲಿ ನಾಲ್ಕು ವರ್ಷ ಇಲಿ ವಿಷ ಇಟ್ಟು ನೋಡಿದರು. ವಿಷ ಇಟ್ಟಾಗ ಮನೆಯ ಇಲಿ ಇಳಿಯಿತು. ಮುಂದಿನ ಹೊತ್ತಿಗೆ ಸುತ್ತಲ ಹೊಲದಿಂದ ಮತ್ತೆ ತುಂಬಿಕೊಂಡಿತು. ಕೆನಡಾದ ವ್ಯಾಂಕೂವರ್‌ನಲ್ಲಿ ಇನ್ನೂ ವಿಚಿತ್ರ. ಕೆಲವು ಬೀದಿಗಳಲ್ಲಿ ಇಲಿಗಳನ್ನು ಹಿಡಿದು ಕೊಂದ ಮೇಲೆ, ಉಳಿದ ಇಲಿಗಳಲ್ಲಿ ಇಲಿ ಜ್ವರದ ಬ್ಯಾಕ್ಟೀರಿಯಾ ಕಾಣುವ ಸಾಧ್ಯತೆ ಹಲವು ಪಟ್ಟು ಏರಿತ್ತು. ಕುಟುಂಬಗಳು ಚದುರಿ, ಉಳಿದವು ಅಲೆದಾಡಿ, ಕಚ್ಚಾಡಿ ಸೋಂಕು ಹಂಚಿಕೊಂಡಿರಬಹುದು ಎಂಬುದು ಸಂಶೋಧಕರ ಊಹೆ. ಇದರ ಮೇಲೆ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಹೊಸ ಪೀಳಿಗೆಯ ವಿಷಗಳು ಸತ್ತ ಇಲಿಯ ಮೂಲಕ ಗೂಬೆಯ ಹೊಟ್ಟೆಗೂ ಹೋಗುತ್ತವೆ. ಪುಕ್ಕಟೆಯಾಗಿ ಇಲಿ ಹಿಡಿಯುತ್ತಿದ್ದವರನ್ನೇ ಕೊಂದಂತಾಯಿತು. ಅರ್ಧಂಬರ್ಧ ವಿಷ ಹಾಕುವುದು ನನ್ನ ಪ್ರಕಾರ ಏನೂ ಮಾಡದಿರುವುದಕ್ಕಿಂತ ಕೆಟ್ಟದ್ದು. ಹಾಕಲೇಬೇಕೆಂದರೆ ಇಡೀ ಊರು ಒಟ್ಟಿಗೆ, ಇಲಿಗಳು ಮರಿ ಹಾಕುವ ಕಾಲಕ್ಕೆ ಮುಂಚೆ, ಗೊತ್ತಿರುವವರ ಉಸ್ತುವಾರಿಯಲ್ಲಿ ಹಾಕಬೇಕು. ಅದರ ಜೊತೆಗೇ ಇಲಿಯ ಊಟ, ವಸತಿ ತೆಗೆಯಬೇಕು. ಇಲ್ಲದಿದ್ದರೆ ಖಾಲಿಯಾದ ಜಾಗಕ್ಕೆ ಪಕ್ಕದವು ಬರುತ್ತವೆ.

ಊಟ, ವಸತಿ ತೆಗೆಯುವುದು ಎಂದರೆ ದೊಡ್ಡ ಕೆಲಸವೇನಲ್ಲ. ಕಾಳನ್ನು ಮುಚ್ಚಳ ಇರುವ ಲೋಹದ ಡಬ್ಬದಲ್ಲಿ, ನೆಲದಿಂದ ಎತ್ತರದಲ್ಲಿ ಇಡಿ. ಸೌದೆ, ಹುಲ್ಲಿನ ಬಣವೆ ಮನೆಗೆ ತಾಗಿಕೊಂಡು ಬೇಡ. ಸಣ್ಣ ಇಲಿ 6 ಮಿಲಿಮೀಟರ್ ಸಂದಿನಲ್ಲೂ ನುಸುಳುತ್ತದೆ. ಹಾಗಾಗಿ ಬಾಗಿಲ ಕೆಳಗಿನ ಸಂದು, ಪೈಪು ಒಳಬರುವ ತೂತುಗಳನ್ನು ಸಿಮೆಂಟು, ತಂತಿಯ ಉಂಡೆ ಹಾಕಿ ಮುಚ್ಚಿ. ಹೊಸ ಮನೆಗಳಲ್ಲಿ ಇದನ್ನು ಕಟ್ಟುವಾಗಲೇ ಮಾಡಿಸಿದರೆ ಖರ್ಚು ಏನೂ ಇಲ್ಲ. ಸೈಟು ಮಾರುವವರಿಂದ ಮುಚ್ಚಿದ ಚರಂಡಿ ಮತ್ತು ಕಸದ ವ್ಯವಸ್ಥೆಯನ್ನು ಊರಿನವರು ಗಟ್ಟಿಯಾಗಿ ಕೇಳಬೇಕು. ಇಡೀ ಪಟ್ಟಿಯಲ್ಲಿ ಒಂದೇ ಮಾಡಲು ಸಾಧ್ಯ ಎಂದರೆ ನಾನು ಚರಂಡಿಯನ್ನೇ ಆರಿಸುತ್ತೇನೆ.

ಬಹಳ ದಿನ ಮುಚ್ಚಿದ್ದ ಉಗ್ರಾಣ, ಪಂಪ್ ಶೆಡ್ ತೆರೆದಾಗ ಕೂಡಲೇ ಪೊರಕೆ ಹಿಡಿಯಬೇಡಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಒಣ ಹಿಕ್ಕೆ ಗುಡಿಸಿದರೆ ಧೂಳು ನೇರ ಶ್ವಾಸಕೋಶಕ್ಕೆ. ಬಾಗಿಲು ಕಿಟಕಿ ತೆಗೆದು ಅರ್ಧ ಗಂಟೆ ಗಾಳಿಯಾಡಲು ಬಿಡಿ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಹಿಕ್ಕೆ, ಗೂಡುಗಳ ಮೇಲೆ ಚಿಮುಕಿಸಿ ಐದು ನಿಮಿಷ ನೆನೆಯಲು ಬಿಡಿ. ಆಮೇಲೆ ಕೈಗವಸು ಹಾಕಿಕೊಂಡು ಬಟ್ಟೆ, ಕಾಗದದಿಂದ ಒರೆಸಿ ತೆಗೆಯಿರಿ. ಕೆಸರು ನೀರಿನಲ್ಲಿ ಕೆಲಸ ಇದ್ದರೆ ಬೂಟು ಹಾಕಿ, ಗಾಯ ಇದ್ದರೆ ಮುಚ್ಚಿ. ಕುರುಚಲಿನಲ್ಲಿ ಕೆಲಸ ಮಾಡಿ ಬಂದ ದಿನ ಬಟ್ಟೆ ಬದಲಿಸಿ, ಮೈ ಉಜ್ಜಿ ಸ್ನಾನ ಮಾಡಿ.

ಜ್ವರ ಬಂದರೆ ಡಾಕ್ಟರಿಗೆ ಬರೀ ಜ್ವರ ಎನ್ನಬೇಡಿ. ಕೊಯ್ಲು ಮಾಡಿದ್ದು, ಉಗ್ರಾಣ ತೊಳೆದದ್ದು, ಚರಂಡಿ ನೀರಿಗೆ ಇಳಿದದ್ದು, ಪೊದೆ ಕಡಿದದ್ದು ಎಲ್ಲ ಹೇಳಿ. ನಿನ್ನೆ ಮೊನ್ನೆಯದ್ದು ಮಾತ್ರ ಸಾಲದು. ಇಲಿ ಜ್ವರ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಾಣಿಸಿಕೊಂಡರೂ ಒಂದು ತಿಂಗಳವರೆಗೆ ತಡವಾಗಬಹುದು, ಹಂಟಾ ವೈರಸ್ ಎಂಟು ವಾರ ತೆಗೆದುಕೊಳ್ಳಬಹುದು. ಇಲಿ ಜ್ವರ, ಸ್ಕ್ರಬ್ ಟೈಫಸ್, ಪ್ಲೇಗ್ ಮೂರಕ್ಕೂ ಆಂಟಿಬಯಾಟಿಕ್ ಇದೆ, ಬೇಗ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಕ್ರಬ್ ಟೈಫಸ್‌ನಲ್ಲಿ ನುಸಿ ಕಚ್ಚಿದ ಕಡೆ ಸಿಗರೇಟಿನಿಂದ ಸುಟ್ಟಂತೆ ಕಪ್ಪು ಕಲೆ ಇರಬಹುದು. ಕಂಕುಳು, ತೊಡೆಸಂದಿಯಂಥ ಜಾಗದಲ್ಲಿ ಇರುವುದರಿಂದ ರೋಗಿಗೇ ಗೊತ್ತಿರುವುದಿಲ್ಲ. ಆಸ್ಪತ್ರೆಗೆ ಹೊರಡುವ ಮುಂಚೆ ಮನೆಯವರು ಒಮ್ಮೆ ನೋಡಿ, ಕಂಡರೆ ಡಾಕ್ಟರಿಗೆ ತೋರಿಸಿ.